ಸ್ಯಾಂಡರ್ ಹಿಡಿತಕ್ಕೆ ಬರ್ತಿಲ್ವಾ? ಮೊದ್ಲು ಒತ್ತೋದು ಬಿಡಿ

ಮಳೆ ಕಡಿಮೆಯಾಗಿ ಕಾಫಿ ಕೊಯ್ಲು ಶುರುವಾಗೋ ಮುಂಚೆ ಸಿಗೋ ಬಿಡುವಲ್ಲಿ, ಸಿಲ್ವರ್ ಓಕ್ ಹಲಗೆನೋ ಹಳೇ ಹಲಸಿನ ಬಾಗಿಲನ್ನೋ ಇಟ್ಕೊಂಡು ಉಜ್ಜೋಕೆ ಕೂರೋರು ಕೊಡಗಲ್ಲಿ ಸುಮಾರು ಜನ ಇದಾರೆ. ಸ್ಯಾಂಡರ್, ಅಂದ್ರೆ ಮರ ಉಜ್ಜಿ ನಯ ಮಾಡೋ ಮೆಷಿನ್, ಆನ್ ಮಾಡಿದ ತಕ್ಷಣ ಅದು ಒಂದ್ ಕಡೆಗೆ ಎಳೆಯುತ್ತೆ, ಕುಣಿಯುತ್ತೆ, ಪಾಲಿಶ್ ಹಾಕಿದ್ಮೇಲೆ ನೋಡಿದ್ರೆ ಹಲಗೆ ತುಂಬಾ ಸುರುಳಿ ಸುರುಳಿ ಗೀರು. ಮುಕ್ಕಾಲು ಪಾಲು ಸಲ ಕಾರಣ ಒಂದೇ, ಕೈ ಭಾರ.

ಇಲ್ಲಿ ಹೇಳ್ತಿರೋದು ಹೆಚ್ಚಾಗಿ ರ್‍ಯಾಂಡಮ್ ಆರ್ಬಿಟ್ ಸ್ಯಾಂಡರ್ ಬಗ್ಗೆ, ಅದೇ ಸ್ಯಾಂಡ್ ಪೇಪರ್ ಅಂಟಿಸೋ 5 ಇಂಚಿನ ದುಂಡು ಪ್ಯಾಡ್ ಇರೋದು. ಅದರ ಪ್ಯಾಡ್ ಎರಡು ಕೆಲಸ ಮಾಡುತ್ತೆ: ಕೆಲವೇ ಮಿಲಿಮೀಟರ್ ಅಗಲದಲ್ಲಿ ಅಲುಗಾಡುತ್ತೆ, ಫುಲ್ ಸ್ಪೀಡಲ್ಲಿ ನಿಮಿಷಕ್ಕೆ 12,000 ಸಲದ ತನಕ, ಜೊತೆಗೆ ತಾನೂ ಸುತ್ತುತ್ತೆ. ಮೇಲಿಂದ ಒತ್ತಿದ್ರೆ ಸುತ್ತೋದು ನಿಂತು ಬರೀ ಅಲುಗಾಟ ಉಳಿಯುತ್ತೆ, ಪೇಪರ್ ಬಿಸಿಯಾಗಿ ಬೇಗ ಹಾಳಾಗುತ್ತೆ, ಸುರುಳಿ ಗೀರು ಬೀಳೋದೂ ಆಗಲೇ. ಗೊತ್ತಾಗ್ಬೇಕು ಅಂದ್ರೆ ಪ್ಯಾಡಿನ ಅಂಚಿಗೆ ಮಾರ್ಕರಲ್ಲಿ ಒಂದು ಗೆರೆ ಹಾಕಿ ನೋಡಿ, ಕೆಲಸ ಮಾಡುವಾಗ ಆ ಗೆರೆ ನಿಧಾನಕ್ಕೆ ಸುತ್ತು ಬರ್ತಾ ಇರ್ಬೇಕು. ಗೆರೆ ನಿಂತಲ್ಲೇ ನಡುಗ್ತಿದ್ರೆ ಕೈ ಸಡಿಲ ಮಾಡಿ. ಮೆಷಿನ್ ಭಾರ, ಅದರ ಮೇಲೆ ಸುಮ್ನೆ ಇಟ್ಟ ಕೈ ಭಾರ, ಅಷ್ಟು ಸಾಕು, ನಿಮ್ಮ ಕೆಲಸ ದಾರಿ ತೋರ್ಸೋದು ಮಾತ್ರ.

ಶುರು ಮಾಡೋ ಮುಂಚೆ ಹಲಗೆ ಅಲ್ಲಾಡದ ಹಾಗೆ ಕಟ್ಟಿ, ಜಿ ಕ್ಲಾಂಪ್ ಇದ್ರೆ ಒಳ್ಳೇದು, ಇಲ್ಲಾಂದ್ರೆ ಹಲಗೆ ಕೆಳಗೆ ರಬ್ಬರ್ ಮ್ಯಾಟ್ ಹಾಕಿ. ಹಲಗೆ ಸೊಂಟದ ಎತ್ತರಕ್ಕೆ ಬರ್ಲಿ, ನೆಲದ ಮೇಲಿಟ್ಟು ಬಗ್ಗಿ ಮಾಡಿದ್ರೆ ಮೈ ಭಾರ ಎಲ್ಲ ಮೆಷಿನ್ ಮೇಲೆ ಬೀಳುತ್ತೆ. ವೈರನ್ನ ಭುಜದ ಮೇಲಿಂದ ಹಿಂದಕ್ಕೆ ಹಾಕ್ಕೊಳ್ಳಿ, ಎಷ್ಟೋ ಸಲ ಮೆಷಿನ್ ಎಳೀತಿದೆ ಅಂದ್ಕೊಂಡಿದ್ದು ಮೂಲೆಗೆ ಸಿಕ್ಕಿದ ವೈರ್ ಎಳೆತ ಆಗಿರುತ್ತೆ. ವ್ಯಾಕ್ಯೂಮ್ ಕ್ಲೀನರ್ ಜೋಡ್ಸಿದ್ರೆ ಸಕ್ಷನ್ ಸ್ವಲ್ಪ ಕಡಿಮೆ ಇಡಿ, ಜಾಸ್ತಿ ಆದ್ರೆ ಪ್ಯಾಡ್ ಹಲಗೆಗೆ ಅಂಟ್ಕೊಂಡು ಎಗರುತ್ತೆ.

ಪ್ಯಾಡನ್ನ ಮರದ ಮೇಲೆ ಸಮವಾಗಿ ಕೂರಿಸಿ ಆಮೇಲೆ ಸ್ವಿಚ್ ಹಾಕಿ. ಗಾಳಿಲಿ ಜೋರಾಗಿ ಸುತ್ತೋ ಪ್ಯಾಡನ್ನ ಇಳಿಸಿದ್ರೆ ಮೊದಲು ತಾಗೋ ಅಂಚು ಅರ್ಧಚಂದ್ರದ ಗುಳಿ ತೆಗೆಯುತ್ತೆ. ಆಮೇಲೆ ಮರದ ಎಳೆ ಹೋದ ದಿಕ್ಕಿಗೇ ಸೆಕೆಂಡಿಗೆ ಒಂದು ಇಂಚಿನಷ್ಟು ನಿಧಾನಕ್ಕೆ ನಡ್ಸಿ, ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧ ಮುಚ್ಚಲಿ. ಇಷ್ಟು ನಿಧಾನನಾ ಅನ್ಸುತ್ತೆ, ಹೌದು ಅಷ್ಟೇ ನಿಧಾನ. ಅಂಚಿಗೆ ಬಂದಾಗ ಪ್ಯಾಡಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೊರಗೆ ಹೋಗೋದು ಬೇಡ, ಹೋದ್ರೆ ವಾಲುತ್ತೆ, ಮೂಲೆ ದುಂಡಾಗುತ್ತೆ. ಒಂದು ಕಲೆ ಹೋಗಿಲ್ಲ ಅಂತ ಅಲ್ಲೇ ಓರೆ ಮಾಡಿ ಉಜ್ಜೋ ಆಸೆ ಬರುತ್ತೆ, ಬೇಡ. ಪ್ಲೈವುಡ್ ಮೇಲೆ ಅಂಟಿಸಿರೋ ತೆಳು ಮರದ ಪದರ, ಅಂದ್ರೆ ವಿನೀರ್, ಹೆಚ್ಚಾಗಿ ಅರ್ಧ ಮಿಲಿಮೀಟರ್ ಆಸುಪಾಸು ಇರೋದು, ಒಂದ್ಸಲ ಓರೆ ಆದ್ರೆ ಮುಗೀತು.

ಪೇಪರ್ ನಂಬರ್ (ಜಾಸ್ತಿ ಆದಷ್ಟೂ ನಯ) 80, 120, 180 ಹೀಗೆ ಹೋಗ್ಲಿ, ನಡುವೆ ಹಾರಿಸ್ಬೇಡಿ. ಒತ್ತೋ ಅಭ್ಯಾಸ ಬರೋದೇ ಸವೆದ ಪೇಪರಿಂದ, ಕತ್ತರಿಸ್ತಿಲ್ಲ ಅಂತ ಕೈ ತಾನಾಗೇ ಒತ್ತುತ್ತೆ, ಒಂದು ದುಂಡು ಪೇಪರಿಗೆ ಜಿಪುಣತನ ಮಾಡಿ ಹಲಗೆ ಕೆಡಿಸ್ಕೊಳ್ಳೋದ್ಯಾಕೆ. ಪ್ರತಿ ನಂಬರ್ ಶುರು ಮಾಡೋ ಮುಂಚೆ ಹಲಗೆ ಮೇಲೆ ಪೆನ್ಸಿಲಲ್ಲಿ ಅಡ್ಡಾದಿಡ್ಡಿ ಗೆರೆ ಎಳೀರಿ, ಗೆರೆ ಎಲ್ಲ ಹೋದ್ರೆ ಆ ನಂಬರ್ ಮುಗೀತು, ಧೂಳು ಒರೆಸಿ ಮುಂದಿನದು ಹಾಕಿ. ಟಾರ್ಚನ್ನ ಹಲಗೆಗೆ ಪಕ್ಕದಿಂದ ಹಿಡಿದು ನೋಡಿದ್ರೆ ಉಳಿದ ಗೀರು ಅಲ್ಲೇ ಕಾಣುತ್ತೆ.

ನಮ್ಮ ಕಡೆ ಇನ್ನೊಂದು ತೊಂದ್ರೆ ಮರದ ತೇವ. ಜೂನಿಂದ ಸೆಪ್ಟೆಂಬರ್ ಮಳೇಲಿ ಶೆಡ್ಡಲ್ಲಿ ಬಿದ್ದಿದ್ದ ಹಲಗೆ ಹೊರಗೆ ಒಣಗಿದ ಹಾಗೆ ಕಂಡ್ರೂ ಒಳಗೆ ಹಸಿ ಇರುತ್ತೆ, ಉಜ್ಜಿದ್ರೆ ಪುಡಿ ಆಗಲ್ಲ, ನಾರು ಎದ್ದು ಪೇಪರಿಗೆ ಮೆತ್ಕೊಳ್ಳುತ್ತೆ. ಬೀಟೆಲಿ ಎಣ್ಣೆ ಅಂಶ ಇರೋದ್ರಿಂದ ಒಣಗಿದ್ರೂ ಮೆತ್ಕೊಳ್ಳುತ್ತೆ, ಆಗಾಗ ಪೇಪರ್ ಕ್ಲೀನ್ ಮಾಡ್ಬೇಕು, ಅದರ ಧೂಳು ಕೆಲವರಿಗೆ ಅಲರ್ಜಿ ಬೇರೆ. ಯಾವ ಮರ ಆದ್ರೂ ಎನ್95 ಮಾಸ್ಕ್ ಹಾಕ್ಕೊಳ್ಳಿ. ಮಡಿಕೇರಿ ಕಡೆ ವೋಲ್ಟೇಜ್ ಇಳಿದಾಗ ಮೆಷಿನ್ ಸೊರಗಿದ್ರೆ ಒತ್ತಿ ಸರಿದೂಗಿಸೋಕೆ ಹೋಗ್ಬೇಡಿ, ನಿಲ್ಸಿ ಟೀ ಕುಡೀರಿ.

ದುಂಡು ಪ್ಯಾಡ್ ಬದಲು ಪೇಪರಿನ ಬೆಲ್ಟ್ ಓಡೋ ಬೆಲ್ಟ್ ಸ್ಯಾಂಡರ್ ಮಾತ್ರ, ಆನ್ ಮಾಡೋ ವಿಷಯದಲ್ಲಿ ಇದಕ್ಕೆ ಉಲ್ಟಾ. ಅದನ್ನ ಮೇಲೆ ಎತ್ತಿ ಹಿಡಿದೇ ಆನ್ ಮಾಡಿ, ಓಡ್ತಾ ಇರುವಾಗ ನಿಧಾನಕ್ಕೆ ಇಳಿಸ್ಬೇಕು, ಎತ್ತಿದ ಮೇಲೇ ಆಫ್. ಅದು ತಾನು ಮುಂದಕ್ಕೆ ಓಡಿ ಹಲಗೆನ ನಿಮ್ಮ ಕಡೆಗೆ ತಳ್ಳುತ್ತೆ, ಅದಕ್ಕೆ ಹಲಗೆಗೂ ನಿಮಗೂ ಮಧ್ಯೆ ಬೆಂಚಿಗೆ ಒಂದು ರೀಪರ್ (ಮರದ ಪಟ್ಟಿ) ಹೊಡ್ಕೊಳ್ಳಿ, ಎರಡೂ ಕೈಲಿ ಹಿಡೀರಿ, ಒಂದು ಕ್ಷಣನೂ ಒಂದೇ ಕಡೆ ನಿಲ್ಸ್ಬೇಡಿ.

ಕಾಫಿ ಬೊಡ್ಡೆಲಿ ಟೀಪಾಯಿ ಕಾಲು ಮಾಡೋರಿಗೆ ಮೊದಲು ಹೇಳಿದ ದುಂಡು ಸ್ಯಾಂಡರಿನ ಚಪ್ಪಟೆ ಪ್ಯಾಡ್ ಹಾಗೇ ಕೆಲಸಕ್ಕೆ ಬರಲ್ಲ. ಪ್ಯಾಡಿಗೂ ಪೇಪರಿಗೂ ನಡುವೆ ಹಾಕೋ ಮೆತ್ತನೆ ಫೋಮ್ ಪ್ಯಾಡ್ ಸಿಗುತ್ತೆ, ಅದು ಹಾಕಿದ್ರೆ ಉಬ್ಬಿಗೆ ಹೊಂದ್ಕೊಂಡು ಹೋಗುತ್ತೆ, ಸ್ಪೀಡ್ ಕಡಿಮೆ ಇಡಿ. ಕವಲಿನ ಸಂದಿಗಳನ್ನ ಪೇಪರ್ ಮಡಚಿ ಕೈಲೇ ಉಜ್ಜಬೇಕು, ಅಲ್ಲಿಗೆ ಮೆಷಿನ್ ತೂರ್ಸೋಕೆ ಹೋದ್ರೆ ಪ್ಯಾಡಿನ ಅಂಚು ಹರಿಯುತ್ತೆ.