ಹಳೆ ಕಾರಿನ ವೈರಿಂಗ್ ಸೆಟ್ ಬದಲಾಯ್ಸೋದು: ಮೊದ್ಲು ಲಾಡಿ ಕಟ್ರಿ

ಕಲಬುರಗಿ ಬ್ಯಾಸಗಿಗೆ ವರ್ಷಾನುಗಟ್ಟಲೆ ನಿಂತ ಹಳೆ ಗಾಡಿ ಬಾನೆಟ್ ಎತ್ತಿ, ಒಂದು ವೈರ್ ಹಿಡ್ದು ಮೆಲ್ಲಗ ಬಗ್ಗಿಸಿ ನೋಡ್ರಿ, ಮ್ಯಾಲಿನ ಪ್ಲಾಸ್ಟಿಕ್ ಹಪ್ಪಳದಂಗ ಚಟಕ್ಕನ ಮುರೀತದ. ಅದ್ರಾಗ ತೊಗರಿ ಚೀಲ ಇಟ್ಟ ಖೋಲಿ ಮುಂದ ಗಾಡಿ ನಿಲ್ಸೋರಾದ್ರ ಇಲಿ ಕಾಟ ಬ್ಯಾರೆ. ಒಂದೆರಡು ವೈರ್ ಕಡದಿದ್ರ ಜಾಯಿಂಟ್ ಹಾಕಿದ್ರ ನಡೀತದ, ಆದ್ರ ವೈರಿನ ಕಟ್ಟೇ ಕರಗಿದ್ರ ಟೇಪ್ ಸುತ್ತಿ ದಿನ ದೂಡಬ್ಯಾಡ್ರಿ, ಪೂರಾ ವೈರಿಂಗ್ ಸೆಟ್ಟೇ ಬದಲಾಯ್ಸ್ರಿ.

ನಾನು ಬದಲಾಯ್ಸಿದ್ದು ಮಾರುತಿ 800, ಕಾರ್ಬೊರೇಟರ್ ಗಾಡಿ. ಎಂಪಿಎಫ್‌ಐ ಗಾಡಿಗೆ (ಪೆಟ್ರೋಲ್ ಇಂಜೆಕ್ಟರ್‌ಲೆ ಸಿಂಪಡಿಸೋದು) ಇಸಿಯು, ಅಂದ್ರ ಇಂಜಿನ್ ನಡಸೋ ಕಂಪ್ಯೂಟರ್, ಇರ್ತದ, ಅದ್ರ ಸೆಟ್ಟೇ ಬ್ಯಾರೆ, ಅದಕ್ಕ ಅಂಗಡಿಗೆ ಹೋಗುವಾಗ ಮಾಡಲ್, ವರ್ಷ ಬರ್ಕೊಂಡು ಹೋಗ್ರಿ, ಸಾಧ್ಯ ಆದ್ರ ಹಳೆ ಕಪ್ಲರ್ (ವೈರ್ ಜೋಡಿಸೋ ಪ್ಲಾಸ್ಟಿಕ್ ಪ್ಲಗ್) ಫೋಟೋನೂ ಇರ್ಲಿ. ಏರ್‌ಬ್ಯಾಗ್ ಇರೋ ಗಾಡಿ ಇದ್ರ ಕೈ ಹಾಕಬ್ಯಾಡ್ರಿ, ಎಲೆಕ್ಟ್ರಿಶನ್ ಕಡಿಗೇ ಕೊಡ್ರಿ.

ಮೊದ್ಲು ಬ್ಯಾಟರಿ ಮೈನಸ್ ಬಿಚ್ಚಬೇಕು, ಆಮ್ಯಾಲ ಪ್ಲಸ್. ಉಲ್ಟಾ ಮಾಡಿ ಪ್ಲಸ್ ಬಿಚ್ಚುವಾಗ ಪಾನಾ ಗಾಡಿ ತಗಡಿಗೆ ತಾಗಿದ್ರ ಕಿಡಿ ಹಾರ್ತದ. ಆಮ್ಯಾಲ ಪ್ರತಿ ಕಪ್ಲರ್ ಬಿಚ್ಚೋಕಿಂತ ಮುಂಚೆ ಫೋಟೋ ತಗೀರಿ, ಟೇಪ್ ಚೂರಿನ ಮ್ಯಾಲ ಪೆನ್ನಿಲೆ "ಹಾರ್ನ್", "ಬಲ ಹೆಡ್‌ಲೈಟ್" ಅಂತ ಬರ್ದು ಅಂಟಸ್ರಿ, ನೆನಪಿರ್ತದ ಅಂದ್ಕೊಬ್ಯಾಡ್ರಿ, ನೆನಪಿರಂಗಿಲ್ಲ. ಕಪ್ಲರ್‌ಗೆ ಲಾಕ್ ಇರ್ತದ, ಅದನ್ನ ಒತ್ತಿ ಬಿಚ್ಚಬೇಕು, ವೈರ್ ಹಿಡ್ದು ಜಗ್ಗಿದ್ರ ಒಳಗಿನ ಪಿನ್ನೇ ಕಿತ್ತು ಬರ್ತದ.

ಈಗ ಲಾಡಿ ಮಾತು. ಇಂಜಿನ್‌ಗೂ ಡ್ಯಾಶ್‌ಬೋರ್ಡ್‌ಗೂ ನಡುವಿನ ತಗಡಿನ ತೂತಿನಾಗಿಂದ ಹಳೆ ಸೆಟ್ ಎಳಿಯೋಕಿಂತ ಮೊದ್ಲು ಅದರ ತುದಿಗೆ ಪೈಜಾಮದ ಲಾಡಿ ಗಟ್ಟಿ ಕಟ್ರಿ. ಹಳೇದು ಹೊರಗ ಬಂದಂಗ ಲಾಡಿ ಅದರ ದಾರಿಗುಂಟ ಬಂದು ನಿಲ್ತದ, ಹೊಸಾ ಸೆಟ್‌ನ ತುದಿ ಅದಕ್ಕ ಕಟ್ಟಿ ವಾಪಸ್ ಎಳೀರಿ. ತೂತಿನ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂಡೋ ರಬ್ಬರ್ ಬಳೆ) ಹರ್ದಿದ್ರ ಹೊಸಾದೇ ಹಾಕ್ರಿ, ಇಲ್ಲಾಂದ್ರ ತಗಡಿನ ಅಂಚು ಗಾಡಿ ಅಲುಗಿದಂಗೆಲ್ಲ ವೈರ್ ಕೊರೀತದ.

ಹಾಕೋಕಿಂತ ಮೊದ್ಲು ಹಳೇದು ಹೊಸಾದು ಎರಡೂ ಮಂಚದ ಮ್ಯಾಲ ಪಕ್ಕಕ್ಕ ಹಾಸಿ ಉದ್ದ, ಕವಲು, ಕಪ್ಲರ್ ಎಣಿಸ್ರಿ. ನಮ್ಮನಿಯಾಗ "ಇದೇನು ಜಡೆ ಹಾಕ್ಲಿಕ್ಕತ್ತೀರಿ?" ಅಂತ ಕೇಳಿದ್ರು, ಕೇಳ್ಲಿ ಬಿಡ್ರಿ.

ನಾನು ಎಡವಿದ್ದು ಅರ್ಥ್‌ನಾಗ, ಅಂದ್ರ ಕರೆಂಟ್ ಗಾಡಿ ತಗಡಿನ ಮೂಲಕ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗೋ ಜೋಡಣಿಯಾಗ. ಎಲ್ಲಾ ಹಾಕಿ ಬ್ರೇಕ್ ಒತ್ತಿದ್ರ ಹಿಂದಿನ ಪಾರ್ಕಿಂಗ್ ಲೈಟೂ ಮಿಣಮಿಣ ಹತ್ತೋದು, ಇಂಡಿಕೇಟರ್ ಹಾಕಿದ್ರ ಎಲ್ಲಾ ಲೈಟೂ ಕುಣಿಯೋದು. ಅರ್ಧ ದಿನ ಫ್ಯೂಸ್ ಬದಲಾಯ್ಸಿ ಹೈರಾಣಾದೆ, ಕಡೀಗೆ ನೋಡಿದ್ರ ಅರ್ಥ್ ಲಗ್ (ವೈರ್ ತುದಿಯ ಲೋಹದ ಉಂಗುರ) ಪೇಂಟ್ ಮ್ಯಾಲೇ ಕುಂತಿತ್ತು. ಮರಳು ಕಾಗದ ತಿಕ್ಕಿ ತಗಡು ಬೆಳ್ಳಗ ಹೊಳೀವಂಗ ಮಾಡಿ ಬೋಲ್ಟ್ ಬಿಗದೆ, ಗ್ರೀಸ್ ಹಚ್ಚಿದೆ, ಎಲ್ಲಾ ಸುಮ್ಮನಾತು.

ಕಡೀಗೆ ಟೆಸ್ಟ್. ಬಾಗಿಲು ಮುಚ್ಚಿ, ಚಾವಿ ತಗದು, ಬ್ಯಾಟರಿಗೆ ಮೊದ್ಲು ಪ್ಲಸ್ ಹಾಕ್ರಿ. ಮೈನಸ್ ಕೇಬಲ್‌ಗೂ ಬ್ಯಾಟರಿಗೂ ನಡುವೆ 21 ವ್ಯಾಟ್ ಇಂಡಿಕೇಟರ್ ಬಲ್ಬ್ ಇಡ್ರಿ. ಬಲ್ಬ್ ಝಗ್ಗನ ಹತ್ತಿದ್ರ ಎಲ್ಲೋ ಶಾರ್ಟ್ ಅದ, ಒಂದೊಂದೇ ಫ್ಯೂಸ್ ತಗೀರಿ, ಯಾವದು ತಗದಾಗ ಬಲ್ಬ್ ಆರ್ತದೋ ಆ ಲೈನ್ ಹುಡುಕ್ರಿ. ಹತ್ತಲಿಲ್ಲ ಅಂದ್ರ ಮೈನಸ್ ಬಿಗೀರಿ. 10 ಆಂಪ್ ಫ್ಯೂಸ್ ಇದ್ದಲ್ಲಿ 20 ಹಾಕಬ್ಯಾಡ್ರಿ, ಫ್ಯೂಸ್ ಸುಡೋ ಬದ್ಲು ಹೊಸಾ ವೈರೇ ಸುಡ್ತದ. ಗಾಡಿ ಚಾಲೂ ಮಾಡಿ ಮಲ್ಟಿಮೀಟರ್ ಹಿಡದ್ರ ಬ್ಯಾಟರಿ ಮ್ಯಾಲ 13.8ರಿಂದ 14.4 ವೋಲ್ಟ್ ತೋರಿಸ್ಬೇಕು. ಅಷ್ಟು ಬಂದ್ರ ಕ್ಲಿಪ್ ಹಾಕಿ ಬಾನೆಟ್ ಮುಚ್ರಿ. ಲಾಡಿ ಬಿಚ್ಚಿ ಎತ್ತಿಡ್ರಿ, ನಾನು ಇನ್ನೂ ವಾಪಸ್ ಕೊಟ್ಟಿಲ್ಲ, ಮನಿಯಾಗ ಈಗ್ಲೂ ಕೇಳ್ತಾರ.