ಬಡತನದ ಪಾಠ ಓದುವುದು ಹೇಗೆ: ಕಲಬುರಗಿ, ಯಾದಗಿರಿ ಕಡೆಯ ವಿದ್ಯಾರ್ಥಿಗಳಿಗೆ

ನಾನು ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ನಮ್ಮೂರು ಶಹಾಪುರ ತಾಲೂಕಿನಲ್ಲಿದೆ. ಬಡತನ, ಅಭಿವೃದ್ಧಿ, ಸುಸ್ಥಿರತೆಯ ಪೇಪರ್ ಶುರುವಾದ ಕೂಡಲೇ ಹುಡುಗರು ನೋಟ್ಸ್ ಕೇಳುತ್ತಾರೆ. 1990ರ ಮಾನವ ಅಭಿವೃದ್ಧಿ ಸೂಚ್ಯಂಕ, ಮಹಬೂಬ್ ಉಲ್ ಹಕ್, ಅಮರ್ತ್ಯ ಸೇನ್, 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಸುಸ್ಥಿರ ಅಭಿವೃದ್ಧಿಯ 17 ಗುರಿ, 2030ರ ಗಡುವು. ಇಷ್ಟು ಬಾಯಿಪಾಠ ಮಾಡಿದರೆ ಪಾಸೇನೋ ಆಗುತ್ತೀರಿ. ಆದರೆ ಈ ವಿಷಯವನ್ನು ನಮ್ಮ ಭಾಗದವರು ಬೇರೆಯವರಿಗಿಂತ ಚೆನ್ನಾಗಿ ಓದಬಹುದು. ಪುಸ್ತಕದ ಯಾವ ಅಂಕಿಯನ್ನಾದರೂ ನಿಮ್ಮ ಓಣಿಗೆ ಒಯ್ದು ಕೇಳಿ: ಇದರಲ್ಲಿ ಯಾರು ಸೇರಿದ್ದಾರೆ, ಯಾರು ಬಿಟ್ಟುಹೋಗಿದ್ದಾರೆ?

ಮೊದಲು ಬಡತನ ರೇಖೆ ಹಿಡಿಯಿರಿ. ತೆಂಡುಲ್ಕರ್ ಸಮಿತಿಯ ವಿಧಾನದಲ್ಲಿ 2011-12ಕ್ಕೆ ದೇಶದ ಹಳ್ಳಿಗಳ ರೇಖೆ ಒಬ್ಬರಿಗೆ ತಿಂಗಳಿಗೆ 816 ರೂಪಾಯಿ. ಅಂದರೆ ದಿನಕ್ಕೆ ಸುಮಾರು 27. ಇದು ಆದಾಯವಲ್ಲ, ಖರ್ಚು. ವಿಶ್ವಬ್ಯಾಂಕ್ 2025ರ ಜೂನ್‌ನಲ್ಲಿ ತನ್ನ ರೇಖೆಯನ್ನು ದಿನಕ್ಕೆ 2.15 ಡಾಲರ್‌ನಿಂದ 3 ಡಾಲರ್‌ಗೆ ಏರಿಸಿತು. ಆ ಡಾಲರನ್ನು ಬ್ಯಾಂಕಿನ ವಿನಿಮಯ ದರದಲ್ಲಿ ಗುಣಿಸಬೇಡಿ, ಅದು ಕೊಳ್ಳುವ ಶಕ್ತಿಯ ಲೆಕ್ಕ, ಅಂದರೆ ಅಷ್ಟೇ ಸಾಮಾನಿಗೆ ಆಯಾ ದೇಶದಲ್ಲಿ ಎಷ್ಟು ಬೀಳುತ್ತದೆ ಅನ್ನುವುದು. ಪರೀಕ್ಷೆಯಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ.

ಆಮೇಲೆ ಬಹು ಆಯಾಮದ ಬಡತನ ಸೂಚ್ಯಂಕ. 2010ರಲ್ಲಿ ಬಂತು. ಆರೋಗ್ಯ, ಶಿಕ್ಷಣ, ಜೀವನಮಟ್ಟ ಮೂರಕ್ಕೂ ಸಮಪಾಲು. ಒಟ್ಟು ಕೊರತೆ ಮೂರನೇ ಒಂದು ಭಾಗ ಮುಟ್ಟಿದರೆ ಆ ಮನೆ ಬಡ ಮನೆ. ಇದರ ಒಂದೊಂದು ಸೂಚಕವನ್ನೂ ಒಂದೊಂದು ಮನೆಯಲ್ಲಿ ಕೂತು ನೋಡಬೇಕು. ಮನೆಯ ನೆಲ ಮಣ್ಣಿನದೋ ಸಗಣಿ ಸಾರಿಸಿದ್ದೋ ಆದರೆ ಕೊರತೆ ಅಂತ ಹಿಡಿಯುತ್ತಾರೆ. ನಮ್ಮಲ್ಲಿ ಕೈಯಲ್ಲಿ ಕಾಸಿಲ್ಲದವರ ಮನೆಗೂ ಶಹಾಬಾದ್ ಕಲ್ಲಿನ ಫರಸಿ ಇರುತ್ತದೆ, ಕ್ವಾರಿ ಪಕ್ಕದಲ್ಲೇ ಇದೆಯಲ್ಲ! ನೆಲದ ಮಟ್ಟಿಗೆ ಆ ಮನೆ ಪಾಸು. ಶಿಕ್ಷಣವೂ ಹಾಗೇ. ಮನೆಯಲ್ಲಿ ಒಬ್ಬರು ಆರು ವರ್ಷ ಓದಿದ್ದರೂ ಸಾಕು, ಓದಿನ ವರ್ಷಗಳ ಲೆಕ್ಕದಲ್ಲಿ ಇಡೀ ಮನೆಗೆ ಕೊರತೆ ಇಲ್ಲ. ಹಾಗಂತ ಸೂಚ್ಯಂಕ ಸುಳ್ಳು ಅಂತ ನಾನು ಹೇಳುತ್ತಿಲ್ಲ. ದುಡ್ಡೊಂದನ್ನೇ ಅಳೆಯುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಅದು ಎಲ್ಲಿ ಸಡಿಲ ಅನ್ನುವುದು ನಿಮಗೆ ಗೊತ್ತಿರಬೇಕು.

ಇನ್ನು ಗುಳೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ತೊಗರಿ ರಾಶಿ ಆದ ಮೇಲೆ ನಮ್ಮ ಕಾಕಾನ ಮನೆಯವರೂ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಫೆಬ್ರವರಿಯಲ್ಲಿ ಯಾದಗಿರಿ ಕಡೆಯ ಯಾವುದಾದರೂ ತಾಂಡಾಕ್ಕೆ ಹೋಗಿ ನೋಡಿ. ಸಾಲುಸಾಲು ಬೀಗ. ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿರುತ್ತಾಳೆ. "ಆಯಿ, ಮನ್ಯಾಗ ಯಾರೂ ಇಲ್ಲೇನು?" ಅಂದರೆ "ದುಡಿಯಾಕ ಹೋಗ್ಯಾರ, ಮಳಿ ಹಿಡಿದ ಮ್ಯಾಲೆ ಬರ್ತಾರ" ಅನ್ನುತ್ತಾಳೆ. 2011ರ ಜನಗಣತಿಯಲ್ಲಿ ತಲೆ ಎಣಿಸಿದ್ದು ಫೆಬ್ರವರಿ 9ರಿಂದ 28ರವರೆಗೆ. ಅದೇ ಬೀಗದ ತಿಂಗಳು! ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯಕ್ಕೇ ಕಡೆಯದು ಅಂತ ಬಂದದ್ದು ಆ ಗಣತಿಯಲ್ಲೇ. ಆಗ ಊರು ಬಿಟ್ಟಿದ್ದವರು ಎಲ್ಲಿ, ಯಾವ ಶೆಡ್ಡಿನಲ್ಲಿ ಎಣಿಕೆಗೆ ಸಿಕ್ಕರು? ಸಣ್ಣ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ತೋಚುತ್ತಿಲ್ಲ.

ಉತ್ತರ ಹುಡುಕಲು ಸರ್ಕಾರಿ ಶಾಲೆಗೆ ಹೋಗಿ. ಹೆಡ್‌ಮಾಸ್ತರರಿಗೆ ಕಾಲೇಜಿನ ಪತ್ರ ಕೊಟ್ಟು ಹಾಜರಿ ಪುಸ್ತಕ ನೋಡಲು ಕೇಳಿ. ಡಿಸೆಂಬರ್‌ವರೆಗೆ ತುಂಬಿರುವ ಸಾಲು ಜನವರಿಯಿಂದ ಖಾಲಿಯಾಗುತ್ತದೆ. ಹೆಸರು ಮಾತ್ರ ಪುಸ್ತಕದಲ್ಲೇ ಇರುತ್ತದೆ. ಬಹು ಆಯಾಮದ ಸೂಚ್ಯಂಕಕ್ಕೆ ಅಂಕಿ ಕೊಡುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕೇಳುವುದು, ಈ ಶಾಲಾ ವರ್ಷದಲ್ಲಿ ಮಗು ಯಾವಾಗಲಾದರೂ ಶಾಲೆಗೆ ಹೋಗಿದೆಯಾ ಅಂತ. ಜೂನ್‌ನಲ್ಲಿ ಹೋಗಿತ್ತಲ್ಲ! ಉತ್ತರ ಹೌದು. ಮಕ್ಕಳ ಹೆಸರನ್ನು ಮಾತ್ರ ನಿಮ್ಮ ವರದಿಯಲ್ಲಿ ಬರೆಯಬೇಡಿ.

ಮನೆಗಳಲ್ಲಿ ಮಾತಾಡುವಾಗ "ನಿಮ್ಮ ಆದಾಯ ಎಷ್ಟು?" ಅಂತ ಶುರು ಮಾಡಬಾರದು. ರೇಷನ್ ಕಾರ್ಡ್ ರದ್ದು ಮಾಡಲು ಬಂದವರು ಅಂದುಕೊಳ್ಳುತ್ತಾರೆ. ಈ ವಾರ ಸಂತೆಯಿಂದ ಏನೇನು ತಂದಿರಿ, ಎಣ್ಣೆ ಎಷ್ಟು, ಬೇಳೆ ಎಷ್ಟು ಅಂತ ಕೇಳಿ. ಬಟ್ಟೆ, ಆಸ್ಪತ್ರೆ, ಫೀಸು ಇಂಥವಕ್ಕೆ ಇಡೀ ವರ್ಷದ ಲೆಕ್ಕ ಬೇಕು. ಗುಳೆ ಹೋಗಲು ಮುಂಗಡ ಎಷ್ಟು ತಗೊಂಡಿದ್ದೀರಿ ಅನ್ನುವುದನ್ನು ಕೊನೆಗೆ, ಹೆಂಗಸರ ಹತ್ತಿರ ಕೇಳಿ. ಸರಿಯಾದ ಲೆಕ್ಕ ಇರುವುದು ಅವರ ಹತ್ತಿರ.

ಹಿನ್ನೆಲೆಗೆ ರಾಜ್ಯದ ಪ್ರಾದೇಶಿಕ ಅಸಮತೋಲನದ ಬಗ್ಗೆ ಡಿ.ಎಂ. ನಂಜುಂಡಪ್ಪ ಸಮಿತಿ ಕೊಟ್ಟ 2002ರ ವರದಿ ಓದಲೇಬೇಕು. 35 ಸೂಚಕ ಇಟ್ಟು ಆಗಿನ 175 ತಾಲೂಕು ಅಳೆದರು. 39 ಅತ್ಯಂತ ಹಿಂದುಳಿದವು, ಅವುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ನಮ್ಮ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ಕಲಂ ಬಂದದ್ದು ಯಾಕೆ ಅಂತ ಆಗ ತಿಳಿಯುತ್ತದೆ. ನಿಮ್ಮ ಸೀಟು ಅದರಿಂದಲೇ ಸಿಕ್ಕಿರಬಹುದು.

ಸುಸ್ಥಿರತೆಗೆ 1987ರ ಬ್ರಂಟ್‌ಲ್ಯಾಂಡ್ ವರದಿಯ ವ್ಯಾಖ್ಯೆ (ಮುಂದಿನ ಪೀಳಿಗೆಯ ಅಗತ್ಯಕ್ಕೆ ಕುತ್ತು ತಾರದೆ ಇಂದಿನ ಅಗತ್ಯ ತೀರಿಸಿಕೊಳ್ಳುವುದು) ಒಂದು ಸಲ ಓದಿ ಬೀದರಿಗೆ ಹೋಗಿ. ಬಹಮನಿ ಕಾಲದ ಸುರಂಗ ಬಾವಿ ಅಲ್ಲಿದೆ. ಕೆಂಪು ಜಂಬಿಟ್ಟಿಗೆ ಕಲ್ಲು ಮಳೆನೀರು ಹೀರುತ್ತದೆ, ಇಳಿಜಾರಿನ ಸುರಂಗದಲ್ಲಿ ಅದು ಪಂಪಿಲ್ಲದೆ ಹರಿಯುತ್ತದೆ. ಮೇಲೆ ಸಿಕ್ಕಸಿಕ್ಕಲ್ಲಿ ಬೋರ್‌ವೆಲ್ ಕೊರೆದರೆ ಕೆಳಗೆ ಏನಾಗುತ್ತದೆ ಅಂತ ಯೋಚಿಸಿ. ಅಫಜಲಪುರದ ಭೀಮಾ ದಂಡೆಯಲ್ಲಿ ಇನ್ನೊಂದು ಪ್ರಶ್ನೆ ಇದೆ. ತೊಗರಿಗೆ ನೀರು ಕಡಿಮೆ ಸಾಕು, ಭೂಮಿಗೆ ಸಾರಜನಕವನ್ನೂ ಕೊಡುತ್ತದೆ. ಆದರೂ ರೈತ ಕಬ್ಬು ಹಾಕುತ್ತಾನೆ. ತೊಗರಿಗೆ ಗಿಡ ಒಣಗಿಸುವ ನೆಟೆ ರೋಗದ ಭಯ. ಬೆಂಬಲ ಬೆಲೆ ಇದ್ದರೂ ಖರೀದಿ ಕೇಂದ್ರಕ್ಕಾಗಿ ಕಾಯುವ ತ್ರಾಣ ಸಾಲಗಾರನಿಗೆ ಇಲ್ಲ, ಅಡತ ಅಂಗಡಿಗೆ ಹಾಕಿಬಿಡುತ್ತಾನೆ. ರೈತನಿಗೆ ತಿಳಿವಳಿಕೆ ಇಲ್ಲ ಅಂತ ಉತ್ತರಪತ್ರಿಕೆಯಲ್ಲಿ ದಯವಿಟ್ಟು ಬರೆಯಬೇಡಿ.

ಇಂಗ್ಲಿಷ್‌ಗೆ ಹೆದರಬೇಡಿ. ವರದಿಯ ಕೋಷ್ಟಕ ಮೊದಲು ಓದಿ, ಆಮೇಲೆ ಅದರ ಕೆಳಗಿನ ಸಾಲು. ಕನ್ನಡದಲ್ಲಿ ನಿಮ್ಮ ಮಾತಲ್ಲಿ ಬರೆದಿಟ್ಟುಕೊಳ್ಳಿ.

ಮುಂದೆ ಎಂಎ ಮಾಡುವವರಿಗೆ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಹತ್ತಿರವೇ ಇದೆ. ಸೊಲ್ಲಾಪುರ ದಾಟಿದರೆ ತುಳಜಾಪುರದಲ್ಲಿ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಕ್ಯಾಂಪಸ್ ಇದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿ ವಿಷಯದಲ್ಲೇ ಎಂಎ ಇದೆ. ಮೊದಲೆರಡಕ್ಕೆ ಸಿಯುಇಟಿ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಅರ್ಜಿ ಕರೆಯುವುದು ಕೊನೆಯ ಸೆಮಿಸ್ಟರ್ ಮುಗಿಯುವ ಮೊದಲೇ. ಸಂದರ್ಶನ ಇದ್ದರೆ ಆ ಹಾಜರಿ ಪುಸ್ತಕದ ಪ್ರಾಜೆಕ್ಟ್ ಜೊತೆಗೆ ಒಯ್ಯಿರಿ.