ಹಳೇ ನೋಟ್‌ಬುಕ್ಕಿನಲ್ಲಿ ಸಿಕ್ಕ ಗ್ರಿಡ್ ಲೀಕ್

2021ರ ಮಳೆಗಾಲ. ಒಂದು ವಾಲ್ವ್ ರೇಡಿಯೋ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವುಗಳಿರುವ ಹಳೇ ರೇಡಿಯೋ) ಮೂರು ವಾರದಿಂದ ನನ್ನ ಮೇಜಿನ ಮೇಲೆ ಬಿಚ್ಚಿಕೊಂಡು ಕೂತಿತ್ತು. ಆನ್ ಮಾಡಿದರೆ ಚೆನ್ನಾಗಿಯೇ ಹಾಡುತ್ತಿತ್ತು. ಹದಿನೈದು ನಿಮಿಷ ಆದಮೇಲೆ ದನಿ ಒಡೆಯೋದಕ್ಕೆ ಶುರು, ಗಂಟಲು ಕಟ್ಟಿದವರು ಮಾತಾಡಿದ ಹಾಗೆ. ಸ್ವಿಚ್ ತೆಗೆದು, ಸ್ಪೀಕರಿಗೆ ದನಿ ಕೊಡುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮುಟ್ಟಿದರೆ ಕೈ ಇಡಲಾಗದಷ್ಟು ಬಿಸಿ.

ವಾಲ್ವ್ ರೇಡಿಯೋ ರಿಪೇರಿ ಮಾಡುವ ಯಾರಿಗೇ ಹೇಳಿದರೂ ಒಂದೇ ಉತ್ತರ ಬರುತ್ತೆ: ಕಪ್ಲಿಂಗ್ ಕಂಡೆನ್ಸರ್ ಹೋಗಿದೆ, ಅಂದರೆ ಒಂದು ವಾಲ್ವಿನಿಂದ ಮುಂದಿನದಕ್ಕೆ ದನಿಯನ್ನು ಮಾತ್ರ ದಾಟಿಸಿ ಹೈ ವೋಲ್ಟೇಜ್ ತಡೆಯುವ ಕಂಡೆನ್ಸರ್. ನನಗೂ ಹಾಗೇ ಅನ್ನಿಸಿತು. ಹಳೇ ಕಾಗದದ ಕಂಡೆನ್ಸರ್ ತೆಗೆದು ಹೊಸ ಪಾಲಿಯೆಸ್ಟರ್ ಕಂಡೆನ್ಸರ್ ಹಾಕಿದೆ. ತೊಂದರೆ ಹೋಗಲಿಲ್ಲ. ಹೊಸದೇ ಕೆಟ್ಟಿರಬೇಕು ಅಂತ ಬೆಂಗಳೂರಿಗೆ ಹೋದಾಗ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಎಸ್.ಪಿ. ರೋಡಿನಿಂದ ಇನ್ನೊಂದು ತಂದು ಹಾಕಿದೆ. ಆಗಲೂ ಹೋಗಲಿಲ್ಲ.

ಈ ರೇಡಿಯೋ ಕೊನೆಗೆ ಸರಿಯಾಗಿದ್ದು ಹನ್ನೆರಡು ವರ್ಷ ಹಿಂದೆ ಆಡಿದ ಒಂದು ಮಾತಿನಿಂದ. ಅದು ನನ್ನದೇ ಅಕ್ಷರದಲ್ಲಿ, ನನ್ನದೇ ಕಪಾಟಿನಲ್ಲಿ ಇತ್ತು.

2009ರಲ್ಲಿ ನನಗೆ ಈ ಹುಚ್ಚು ಹತ್ತಿತು. ಆಗ ತುಮಕೂರಿನಲ್ಲಿ ನಾವು ನಾಲ್ಕು ಜನ ಭಾನುವಾರ ಸಂಜೆ ಸೇರುತ್ತಿದ್ದೆವು. ಒಬ್ಬರು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿ ನಿವೃತ್ತರಾದವರು, ಎಲ್ಲರ ಬಾಯಲ್ಲೂ ಮೇಷ್ಟ್ರು. ಇನ್ನೊಬ್ಬರು ಸಾಹೇಬ್ರು, ನಲವತ್ತು ವರ್ಷ ರೇಡಿಯೋ ಅಂಗಡಿ ನಡೆಸಿದವರು. ಆಮೇಲೆ ನಾನು, ನನ್ನ ಜೊತೆ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ. ಮೇಷ್ಟ್ರ ಮನೆ ಜಗುಲಿಯಲ್ಲಿ ಕೂತರೆ ಕತ್ತಲಾದರೂ ಮಾತು ಮುಗಿಯುತ್ತಿರಲಿಲ್ಲ. ನನಗೆ ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ, ಅದಕ್ಕೇ ಬರೆದುಕೊಳ್ಳುತ್ತಿದ್ದೆ, ಯಾರು ಏನು ಹೇಳಿದರು ಅಂತ ನಾಟಕದ ಮಾತಿನ ಹಾಗೆ. ಇನ್ನೂರು ಪುಟದ ಮೂರು ನೋಟ್‌ಬುಕ್ ತುಂಬಿತು. ಆಮೇಲೆ ಸೇರೋದು ಕಡಿಮೆಯಾಯಿತು. ಪುಸ್ತಕಗಳು ಕಪಾಟಿನ ಮೇಲಿನ ಅರೆಗೆ ಹೋದವು.

ದಾರಿ ಕಾಣದೆ ಒಂದು ರಾತ್ರಿ ಮೊದಲನೇ ಪುಸ್ತಕ ತೆಗೆದೆ. 2009ರ ನವೆಂಬರ್‌ನ ಒಂದು ಪುಟ ಹೀಗಿತ್ತು:

ಸಾಹೇಬ್ರು: ದನಿ ಒಡೆದರೆ ಕಪ್ಲಿಂಗ್ ಕಂಡೆನ್ಸರ್ ಕಿತ್ತು ಬಿಸಾಕಿ, ಬೇರೇನೂ ನೋಡಬೇಡಿ.
ಮೇಷ್ಟ್ರು: ಬದಲಾಯಿಸಿದ ಮೇಲೂ ಒಡೆದರೆ?
ಸಾಹೇಬ್ರು: ಹಂಗಾಗಲ್ಲ ಬಿಡಿ ಮೇಷ್ಟ್ರೇ.
ಮೇಷ್ಟ್ರು: ಆಗುತ್ತೆ ಸಾಹೇಬ್ರೇ. ಗ್ರಿಡ್ ಲೀಕ್ ಜಾಸ್ತಿ ಆಗಿದ್ದರೆ ಆಗುತ್ತೆ.

ಸಾಹೇಬ್ರ ಮೊದಲ ಮಾತಿನ ಕೆಳಗೆ ನಾನು ಎರಡು ಗೆರೆ ಎಳೆದಿದ್ದೆ. ಮೇಷ್ಟ್ರ ಕೊನೆಯ ಮಾತಿಗೆ ಗೆರೆ ಇಲ್ಲ. ಯಾಕೆ ಅಂತ ಈಗ ಗೊತ್ತು. 'ಗ್ರಿಡ್ ಲೀಕ್ ಜಾಸ್ತಿ' ಅಂದರೆ ಸೋರಿಕೆ ಜಾಸ್ತಿ ಅಂತ ಆಗ ಅಂದುಕೊಂಡಿದ್ದೆ, ಅಂದರೆ ಅದೇ ಕಂಡೆನ್ಸರ್ ವಿಷಯವನ್ನೇ ಮೇಷ್ಟ್ರು ಬೇರೆ ಮಾತಿನಲ್ಲಿ ಹೇಳುತ್ತಿದ್ದಾರೆ ಅಂತ. ಹಾಗಲ್ಲ. ಗ್ರಿಡ್ ಲೀಕ್ ಅನ್ನೋದು ಒಂದು ರೆಸಿಸ್ಟೆನ್ಸಿನ ಹೆಸರು. ಜಾಸ್ತಿ ಆಗಿರೋದು ಅದರ ಓಮ್ಸ್.

ನನ್ನ ಸೆಟ್ಟಿನಲ್ಲಿ ಔಟ್‌ಪುಟ್ ವಾಲ್ವ್ ಇಎಲ್84. ಅದರ ಎರಡನೇ ಪಿನ್ನೇ ಗ್ರಿಡ್, ಅಂದರೆ ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ಭಾಗ. ಚಾಸಿಗೆ, ಅಂದರೆ ಸೆಟ್ಟಿನ ಲೋಹದ ತಳಕ್ಕೆ, ಹೋಲಿಸಿದರೆ ಅಲ್ಲಿ ಸೊನ್ನೆ ವೋಲ್ಟ್ ಇರಬೇಕು, ಎಲೆಕ್ಟ್ರಾನ್ ಹೊರಡುವ ಕ್ಯಾಥೋಡಿನಲ್ಲಿ ಏಳು ವೋಲ್ಟ್ ಆಸುಪಾಸು. ಕಂಡೆನ್ಸರಿನ ಆಚೆ ಬದಿಯಲ್ಲಿ ಹಿಂದಿನ ವಾಲ್ವಿನ ಹೈ ವೋಲ್ಟೇಜ್ ಇರುತ್ತೆ. ಕಂಡೆನ್ಸರ್ ಸೋರಿದರೆ ಅದು ಗ್ರಿಡ್ಡಿಗೆ ಇಳಿದು, ವಾಲ್ವ್ ಬೇಕಿದ್ದಕ್ಕಿಂತ ಜಾಸ್ತಿ ಕರೆಂಟ್ ಎಳೆದು, ದನಿ ಒಡೆದು, ಟ್ರಾನ್ಸ್‌ಫಾರ್ಮರ್ ಕಾಯುತ್ತೆ. ನನ್ನ ಸೆಟ್ಟಿನಲ್ಲಿ ಬಿಸಿಯಾದ ಮೇಲೆ ಗ್ರಿಡ್ಡಿನಲ್ಲಿ ಎರಡು ವೋಲ್ಟ್ ಹತ್ತಿರ ಬರುತ್ತಿತ್ತು, ಕ್ಯಾಥೋಡಿನಲ್ಲಿ ಒಂಬತ್ತೂವರೆ. ಲಕ್ಷಣ ಎಲ್ಲಾ ಸೋರುವ ಕಂಡೆನ್ಸರಿನದೇ. ಆದರೆ ಹೊಸ ಕಂಡೆನ್ಸರ್ ಸೋರುತ್ತಿರಲಿಲ್ಲ.

ಗ್ರಿಡ್ಡಿನಿಂದ ಚಾಸಿಗೆ ಹೋಗುವ ರೆಸಿಸ್ಟೆನ್ಸಿನ ಒಂದು ಕಾಲು ಬಿಚ್ಚಿ ಮೀಟರ್ ಇಟ್ಟೆ. ಬಣ್ಣ ನೀಲಿ, ಬೂದಿ, ಹಳದಿ. ಅಂದರೆ 680 ಕಿಲೋ ಓಮ್ಸ್. ಮೀಟರ್ ತೋರಿಸಿದ್ದು 2.3 ಮೆಗಾ ಓಮ್ಸ್!

ಹಳೇ ವಾಲ್ವ್ ಚೆನ್ನಾಗಿ ಬಿಸಿಯಾದಾಗ ಗ್ರಿಡ್ಡಿನಲ್ಲಿ ತೀರಾ ಸಣ್ಣ ಕರೆಂಟ್ ಹುಟ್ಟುತ್ತೆ, ಒಂದು ಮೈಕ್ರೋ ಆಂಪಿಯರ್‌ನಷ್ಟು. ಅದು ಚಾಸಿಗೆ ಇಳಿದುಹೋಗುವ ದಾರಿಯೇ ಈ ಗ್ರಿಡ್ ಲೀಕ್. ದಾರಿ ಸಲೀಸಾಗಿದ್ದರೆ ಗ್ರಿಡ್ಡಿನಲ್ಲಿ ಏನೂ ನಿಲ್ಲಲ್ಲ. ದಾರಿ ಬಿಗಿಯಾದರೆ ಎರಡು ವೋಲ್ಟ್ ನಿಂತುಬಿಡುತ್ತೆ, ಅದರಿಂದ ವಾಲ್ವ್ ಇನ್ನೂ ಕಾಯುತ್ತೆ, ಗ್ರಿಡ್ ಕರೆಂಟ್ ಇನ್ನೂ ಏರುತ್ತೆ. ಹದಿನೈದು ನಿಮಿಷ ಯಾಕೆ ಬೇಕಾಗುತ್ತಿತ್ತು ಅಂತ ಆಗ ಹೊಳೆಯಿತು. ಹೊಸ 680 ಕಿಲೋ ಹಾಕಿದೆ, ಗ್ರಿಡ್ ವೋಲ್ಟೇಜ್ ಸುಮಾರು ಮೂರನೇ ಒಂದಕ್ಕೆ ಇಳಿಯಿತು. ನಮ್ಮ ಜಾಲಹಳ್ಳಿ ಬಿಇಎಲ್ ಕಾರ್ಖಾನೆಯ ಒಂದು ಇಎಲ್84 ಜೋಪಾನವಾಗಿ ಎತ್ತಿಟ್ಟಿದ್ದೆ, ಅದನ್ನೂ ಹಾಕಿದೆ. ಸೊನ್ನೆ. ಅವತ್ತು ರಾತ್ರಿ 612 ಕಿಲೋಹರ್ಟ್ಸ್‌ನಲ್ಲಿ, ಡಯಲ್ಲಿನ ಹಳೇ ಲೆಕ್ಕದಲ್ಲಿ 490 ಮೀಟರಿನಲ್ಲಿ, ಬೆಂಗಳೂರು ಆಕಾಶವಾಣಿ ಎರಡು ಗಂಟೆ ಸತತ ಕೇಳಿದೆ. ದನಿ ಕದಲಲಿಲ್ಲ.

ಮಾರನೇ ದಿನ ಮೈಸೂರಿಗೆ ಫೋನ್ ಮಾಡಿದೆ, ಮೇಷ್ಟ್ರು ಈಗ ಮಗಳ ಮನೆಯಲ್ಲಿದ್ದಾರೆ. ಪುಟವನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದರು: "ಅವತ್ತು ಸಾಹೇಬ್ರು ಹೇಳಿದ್ದೂ ಸರಿನೇ ಕಣಮ್ಮ. ಅವರ ಅಂಗಡಿಗೆ ಬರ್ತಿದ್ದ ರೇಡಿಯೋಗಳಿಗೆ ಆಗಿನ್ನೂ ಅಷ್ಟು ವಯಸ್ಸಾಗಿರಲಿಲ್ಲ."

ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಸಾಹೇಬ್ರ ಕೈಗೆ ಬರುತ್ತಿದ್ದದ್ದು ಹತ್ತು ಹದಿನೈದು ವರ್ಷದ ಸೆಟ್ಟುಗಳು. ಕಾಗದದ ಕಂಡೆನ್ಸರ್ ಅಷ್ಟರಲ್ಲೇ ಸೋರುತ್ತೆ. ಕಾರ್ಬನ್ ರೆಸಿಸ್ಟೆನ್ಸ್ ನಿಧಾನ, ಅದು ಏರೋದಕ್ಕೆ ಇನ್ನೂ ಹೆಚ್ಚು ಕಾಲ ಬೇಕು. ನನ್ನ ಸೆಟ್ಟಿಗೆ ಅರವತ್ತು ದಾಟಿತ್ತು. ಅಂದರೆ ವಾದ ಮಾಡಿದ ಇಬ್ಬರೂ ಸರಿ, ಬೇರೆ ಬೇರೆ ವಯಸ್ಸಿನ ರೇಡಿಯೋಗಳ ಬಗ್ಗೆ.

ಆಮೇಲೆ ಮೂರೂ ಪುಸ್ತಕವನ್ನು ಮೊದಲಿಂದ ಓದಿದೆ, ದಿನಕ್ಕೆ ನಾಲ್ಕೈದು ಪುಟದಂತೆ. ಜಾಸ್ತಿ ಓದಿದರೆ ಸುಮ್ನೆ ಕಣ್ಣು ಓಡುತ್ತೆ, ತಲೆಗೆ ಇಳಿಯಲ್ಲ. ಒಂದು ಕಡೆ ಪ್ರಶ್ನೆ, ಇನ್ನೆಲ್ಲೋ ಉತ್ತರ ಇರೋದು ಆಗ ಕಾಣಿಸಿತು. 2010ರಲ್ಲಿ ಆ ಹುಡುಗ ಕೇಳಿದ್ದ: ಸ್ಟೇಷನ್ ಹಿಡಿದಾಗ ಮಾತ್ರ ಗುಂಯ್ ಅನ್ನುತ್ತೆ, ಖಾಲಿ ಜಾಗದಲ್ಲಿ ಇಲ್ಲ, ಯಾಕೆ? ಎಲ್ಲರೂ ಫಿಲ್ಟರ್ ಕಂಡೆನ್ಸರ್, ಅಂದರೆ ಸಪ್ಲೈನ ಏರಿಳಿತ ಸಮ ಮಾಡುವ ಕಂಡೆನ್ಸರ್, ಹೋಗಿದೆ ಅಂದಿದ್ದೆವು. ಅದು ಹೋಗಿದ್ದರೆ ಎಲ್ಲಾ ಕಡೆ ಗುಂಯ್ ಅನ್ನಬೇಕು, ಅಲ್ವಾ? 2012ರಲ್ಲಿ ಮೇಷ್ಟ್ರು ಬೇರೆ ಯಾವುದೋ ಸರ್ಕ್ಯೂಟ್ ಬಿಡಿಸುತ್ತಾ, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವಿನ ಪ್ಲೇಟಿನಿಂದ ಚಾಸಿಗೆ ಒಂದು ಪುಟ್ಟ ಕಂಡೆನ್ಸರ್ ಇರುತ್ತೆ, ಕರೆಂಟ್ ವೈರಿನಿಂದ ನುಗ್ಗುವ ಸ್ಟೇಷನ್ ಸಿಗ್ನಲ್ಲಿಗೆ ಹಮ್ (ಆ ಗುಂಯ್ ಸದ್ದು) ಅಂಟದ ಹಾಗೆ ಅದು ತಡೆಯುತ್ತೆ ಅಂದಿದ್ದರು. ಆ ಹುಡುಗನಿಗೆ ಬೇಕಿದ್ದ ಉತ್ತರ ಇದೇ! ಎರಡೂ ದಿನ ನಾವೆಲ್ಲ ಅಲ್ಲೇ ಇದ್ದೆವು, ಯಾರೂ ಜೋಡಿಸಲಿಲ್ಲ. ಅವನಿಗೆ ಹೇಳಿದೆ, ಅವನ ಸೆಟ್ಟಿನಲ್ಲಿ ಆ ಕಂಡೆನ್ಸರಿನ ಕಾಲೇ ತುಂಡಾಗಿತ್ತು. ನೀವು ಹಾಕೋದಾದರೆ ಸಾವಿರ ವೋಲ್ಟಿಗೂ ಮೇಲಿನದು ಹಾಕಿ. ಒಳಗೆ ಕೈ ಇಡುವ ಮೊದಲು ಫಿಲ್ಟರ್ ಕಂಡೆನ್ಸರ್ ಖಾಲಿ ಮಾಡಿ. ಸ್ವಿಚ್ ತೆಗೆದ ಮೇಲೂ ಅದರಲ್ಲಿ ಇನ್ನೂರು ವೋಲ್ಟಿಗೂ ಜಾಸ್ತಿ ಉಳಿದಿರಬಹುದು.

ಕಾಲ ಮೀರಿದ ಮಾತುಗಳೂ ಸಿಕ್ಕವು. ಕರಕರ ಬಂದರೆ ಮೂವತ್ತು ಅಡಿ ಏರಿಯಲ್ ವೈರ್ ಕಟ್ಟಿ ಅಂತಿದೆ. ಈಗ ಮೊದಲು ಮಾಡಬೇಕಾದ್ದು ಮನೆಯ ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್ ಒಂದೊಂದೇ ಆಫ್ ಮಾಡಿ ನೋಡೋದು. ಹಳೇ ಸೆಟ್ಟಿಗೆ ನೇರ ಕರೆಂಟ್ ಕೊಡಬೇಡಿ, ಸೀರಿಸ್‌ನಲ್ಲಿ ನೂರು ವಾಟ್ ಬಲ್ಬ್ ಹಾಕಿ ಅಂತಲೂ ಇದೆ. ಇದು ಈಗಲೂ ಸರಿ, ಆದರೆ ತಂತಿ ಕಾಯಿಸುವ ಹಳೇ ಬಲ್ಬೇ ಬೇಕು, ಎಲ್‌ಇಡಿ ಆಗಲ್ಲ. 2009ರಲ್ಲಿ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ.

ಯಾವುದನ್ನೂ ಹೊಡೆದು ಹಾಕಲಿಲ್ಲ. ನಾನು ಬರೆಯುತ್ತಿದ್ದದ್ದು ಬಲಗಡೆಯ ಪುಟದಲ್ಲಿ ಮಾತ್ರ, ಎಡಗಡೆ ಖಾಲಿ. ಈಗ ಅಲ್ಲಿ ಹಸಿರು ಪೆನ್ನಿನಲ್ಲಿ ತಾರೀಖು ಹಾಕಿ ಬರೆಯುತ್ತೇನೆ, ಯಾವ ಸೆಟ್ಟಿನಲ್ಲಿ ಏನಾಯಿತು, ಎಷ್ಟು ವೋಲ್ಟ್ ಇತ್ತು ಅಂತ. ಪುಸ್ತಕದ ಹಿಂಬದಿಯಲ್ಲಿ ಒಂದು ಪಟ್ಟಿಯೂ ಮಾಡಿದೆ, ಕಂಡೆನ್ಸರ್, ವಾಲ್ವ್ ಅಂತ ಅಲ್ಲ, ಮನೆಯವರು ಹೇಳುವ ಮಾತಿನಲ್ಲೇ: 'ಕಾಲು ಗಂಟೆ ಆದಮೇಲೆ ಒಡೆಯುತ್ತೆ', 'ಸ್ಟೇಷನ್ ಬಂದಾಗ ಗುಂಯ್'. ರೇಡಿಯೋ ತಂದವರು ಹಾಗೇ ತಾನೇ ಹೇಳೋದು. ಮತ್ತೆ, ಈಗ ಯಾರ ಹತ್ತಿರ ಮಾತಾಡಿದರೂ ಒಪ್ಪದವರ ಮಾತನ್ನೂ ಪೂರ್ತಿ ಬರೆಯುತ್ತೇನೆ. ಮೇಷ್ಟ್ರ ಆ ಒಂದು ಸಾಲನ್ನು ನಾನವತ್ತು ಬಿಟ್ಟಿದ್ದರೆ ಈ ಸೆಟ್ಟು ಗುಜರಿಗೆ ಹೋಗುತ್ತಿತ್ತು.

ಸಾಹೇಬ್ರು 2016ರಲ್ಲಿ ತೀರಿಕೊಂಡರು. ಮೂರನೇ ಪುಸ್ತಕದ ಕೊನೆಯಲ್ಲಿ ಅವರದೊಂದು ಪ್ರಶ್ನೆ ಇದೆ. ಒಂದು ಸೆಟ್ಟಿನಲ್ಲಿ ಮಳೆಗಾಲದಲ್ಲಿ ಮಾತ್ರ ಶಾರ್ಟ್‌ವೇವ್ ಸ್ಟೇಷನ್ ತಾನಾಗಿ ಜಾರುತ್ತೆ, ಬೇಸಿಗೆಯಲ್ಲಿ ನಿಂತ ಕಡೆ ನಿಲ್ಲುತ್ತೆ, ಸ್ಟೇಷನ್ ಹಿಡಿಯಲು ಬೇಕಾದ ಆಸಿಲೇಟರ್ ಕಾಯಿಲ್ ತೇವ ಕುಡಿಯುತ್ತಾ ಅಥವಾ ಅದನ್ನು ಸರಿಹೊಂದಿಸುವ ಪುಟ್ಟ ಕಂಡೆನ್ಸರ್ ಟ್ರಿಮ್ಮರ್ರಾ ಅಂತ. ಎಡಗಡೆ ಪುಟ ಇನ್ನೂ ಖಾಲಿ ಇದೆ. ಹೀಗೆ ಮಾಡುವ ಸೆಟ್ಟು ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ, ಮಳೆ ಮುಗಿಯೋದರೊಳಗೆ ನಾನೇ ಬಂದು ನೋಡುತ್ತೇನೆ.